ಆರು ಅಡಿ ಪೆಟ್ಟಿಗೆಯೊಳಗಿನ ಗಾಳಿ

ರೈಟ್ ಸಹೋದರರಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮಲ್ಲಿ ವಿಮಾನವಿತ್ತು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಲೇ ಇದೆ. ಅದಕ್ಕೆ ಆಧಾರವೆಂದು ತೋರಿಸುವ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಅದನ್ನು ಕೂಲಂಕಷವಾಗಿ ಪರಿಶೀಲಿಸಿದವರೂ ಕರ್ನಾಟಕದಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು 1974ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಚಿತ್ರ, ವಿವರಣೆಗಳನ್ನೆಲ್ಲ ಲೆಕ್ಕಕ್ಕೆ ಹಚ್ಚಿ ನೋಡಿದ ಅವರು, ಗ್ರಂಥ 20ನೇ ಶತಮಾನದ ಆರಂಭದ್ದೆಂದೂ ಆ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು.

ಇದನ್ನು ಹೇಳಿದರೆ ಹಿರಿಯರಿಗೆ ಅವಮಾನವೇನೂ ಆಗುವುದಿಲ್ಲ. ಯಕ್ಷಗಾನದಲ್ಲಿ ಪುಷ್ಪಕ ವಿಮಾನದ ಕಥೆ ಕೇಳಿಯೇ ಬೆಳೆದ ಕರಾವಳಿಗೆ ಕಲ್ಪನೆಯ ಬೆಲೆ ಚೆನ್ನಾಗಿ ಗೊತ್ತು. ಆದರೆ ಕಥೆಯನ್ನು ಎಂಜಿನಿಯರಿಂಗ್ ಎಂದು ಮಕ್ಕಳ ಕೈಗೆ ಕೊಟ್ಟಾಗ, ನಿಜವಾಗಿ ಹಾರಿಸಿದವರ ದುಡಿಮೆ ಅವರ ಕಣ್ಣಿಗೆ ಬೀಳದೇ ಹೋಗುತ್ತದೆ.

ಆ ದುಡಿಮೆ ಎಂಥದ್ದು? 1901ರಲ್ಲಿ ಆರ್ವಿಲ್ ಮತ್ತು ವಿಲ್ಬರ್ ರೈಟ್ ಕಟ್ಟಿದ ಗ್ಲೈಡರ್, ಲೆಕ್ಕ ಹೇಳಿದಷ್ಟು ಭಾರ ಎತ್ತಲಿಲ್ಲ. ಅವರು ನೆಚ್ಚಿಕೊಂಡಿದ್ದು ಜರ್ಮನಿಯ ಓಟೋ ಲಿಲಿಯೆಂಥಾಲ್ ಬಿಟ್ಟುಹೋದ ಕೋಷ್ಟಕಗಳನ್ನು. ಲಿಲಿಯೆಂಥಾಲ್ 1896ರಲ್ಲಿ ಗ್ಲೈಡರಿನಿಂದ ಬಿದ್ದೇ ಪ್ರಾಣ ಬಿಟ್ಟವರು. ಸಹೋದರರು ಊರಿಗೆ ಮರಳಿ ತಮ್ಮ ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿದರು. ಒಂದು ತುದಿಯಲ್ಲಿ ಫ್ಯಾನು. ಒಳಗೆ ಗರಗಸದ ಹಳೆಯ ಬ್ಲೇಡು, ಸೈಕಲ್ ಕಡ್ಡಿಗಳಿಂದ ಮಾಡಿದ ತಕ್ಕಡಿ. ಅಂಗೈಯಗಲದ ಲೋಹದ ರೆಕ್ಕೆಗಳನ್ನು ಒಂದೊಂದಾಗಿ ಅದಕ್ಕೆ ಸಿಕ್ಕಿಸಿ, ಯಾವ ಬಾಗಿಗೆ ಗಾಳಿ ಎಷ್ಟು ಎತ್ತುತ್ತದೆಂದು ಬರೆದುಕೊಂಡರು. ಹೀಗೆ ಪರೀಕ್ಷೆಗೊಳಗಾದ ರೆಕ್ಕೆಗಳು ಸುಮಾರು 200. ಎಂಜಿನ್ ಯಾರೂ ಮಾಡಿಕೊಡದಿದ್ದಾಗ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಸುಮಾರು 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟರು.

1903ರ ಡಿಸೆಂಬರ್ 17ರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ನಮ್ಮ ಕರಾವಳಿಯ ಇನ್ನಂಜೆ ನಿಲ್ದಾಣದಲ್ಲಿ ನಿಲ್ಲುವ ರೈಲಿನ ಎರಡು ಬೋಗಿಗಳಷ್ಟೂ ಆಗದ ದೂರ! ಅಂದೇ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡುಗಳಲ್ಲಿ 852 ಅಡಿ ಸಾಗಿದರು. ಆಮೇಲೆ ಬೀಸಿದ ಗಾಳಿ ವಿಮಾನವನ್ನೇ ಮಗುಚಿ ಹಾಕಿತು.

ಇಂಥವರು ಅಮೆರಿಕದಲ್ಲಿ ಮಾತ್ರ ಇದ್ದರೆಂದು ತಿಳಿಯಬೇಕಿಲ್ಲ. 1951ರ ಡಿಸೆಂಬರ್ 25ರಂದು ಬಜ್ಪೆ ವಿಮಾನ ನಿಲ್ದಾಣ ಆರಂಭವಾದಾಗ ಪ್ರಧಾನಿ ನೆಹರೂ ಬಂದಿಳಿದದ್ದು ವಿದೇಶದ ಡಿಸಿ-3 ವಿಮಾನದಲ್ಲಿ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್‌ನಿಂದ ಎಚ್‌ಟಿ-2 ಎಂಬ ಎರಡು ಸೀಟಿನ ತರಬೇತಿ ವಿಮಾನ ಮೇಲೇರಿತ್ತು. ಅದರ ವಿನ್ಯಾಸ ಡಾ. ವಿ.ಎಂ. ಘಾಟಗೆ ಅವರದು. ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಕಲಿತು ಬಂದ ಅವರು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ಪಾಠ ಶುರುವಾದಾಗ ಅದಕ್ಕೂ ಹೆಗಲು ಕೊಟ್ಟಿದ್ದರು. ಎಚ್‌ಟಿ-2 ವಿಮಾನಗಳು 160ಕ್ಕೂ ಹೆಚ್ಚು ತಯಾರಾದವು. ಕೆಲವು ಘಾನಾ ದೇಶಕ್ಕೂ ಹೋದವು. ವಾಯುಪಡೆಯ ಒಂದೆರಡು ತಲೆಮಾರು ಹಾರಲು ಕಲಿತದ್ದು ಅದರಲ್ಲೇ. ಘಾಟಗೆ ಹೆಸರು ಇಂದು ಎಷ್ಟು ಮಕ್ಕಳಿಗೆ ಗೊತ್ತು?

ಬೆಂಗಳೂರಿನಲ್ಲಿ ಸುರಂಜನ್‌ದಾಸ್ ರಸ್ತೆಯಿದೆ. 1961ರ ಜೂನ್ 17ರಂದು ಎಚ್‌ಎಎಲ್‌ನ ಮಾರುತ್ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿ, 1970ರ ಜನವರಿಯಲ್ಲಿ ಅದೇ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿ ಜೀವ ತೆತ್ತ ಪೈಲಟ್ ಅವರು. ದಿನವೂ ಆ ದಾರಿಯಲ್ಲಿ ಓಡಾಡುವವರಿಗೂ ಇದನ್ನು ಯಾರಾದರೂ ಹೇಳಬೇಕು.

ಹೇಳುವುದಕ್ಕಿಂತ ತೋರಿಸುವುದು ಇನ್ನೂ ಒಳ್ಳೆಯದು. ವಿಜ್ಞಾನಿ ರೊದ್ದಂ ನರಸಿಂಹ ಅವರನ್ನು ವಿಮಾನವಿಜ್ಞಾನಕ್ಕೆ ಸೆಳೆದದ್ದು ಭಾಷಣವಲ್ಲ. ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ನಿಲ್ಲಿಸಿದ್ದ ಒಂದು ಸ್ಪಿಟ್‌ಫೈರ್ ವಿಮಾನವನ್ನು ವಿದ್ಯಾರ್ಥಿಯಾಗಿ ಕಣ್ಣಾರೆ ಕಂಡದ್ದೇ ಅವರಿಗೆ ಸಾಕಾಯಿತು.

ಕಾಪು, ಕಾರ್ಕಳದ ಹಳ್ಳಿಶಾಲೆಗಳಿಗೆ ಸ್ಪಿಟ್‌ಫೈರ್ ತರಲಾಗದು, ನಿಜ. ಪೆಟ್ಟಿಗೆ ತರಬಹುದಲ್ಲ! ಮಣಿಪಾಲದ ಎಂಐಟಿಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ವರ್ಷಕ್ಕೊಂದು ದಿನ, ಡಿಸೆಂಬರ್ 17ರಂದು, ಇನ್ನಂಜೆಯಂಥ ಊರಿನ ಶಾಲೆಗೆ ಬರಲಿ. ಬೇಕಾಗುವುದು ಒಂದು ಟೇಬಲ್ ಫ್ಯಾನ್, ಎರಡೂ ಕಡೆ ತೆರೆದ ಉದ್ದನೆಯ ರಟ್ಟಿನ ಪೆಟ್ಟಿಗೆ, ಅಂಗಡಿಯಿಂದ ಕೇಳಿ ತಂದ ಡಿಜಿಟಲ್ ತಕ್ಕಡಿ. ರೆಕ್ಕೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಇದೆ. ನೀರಲ್ಲಿ ನೆನೆಸಿದರೆ ಬೇಕಾದ ಹಾಗೆ ಬಾಗುತ್ತದೆ, ಒಣಗಿದರೆ ಆ ಬಾಗು ಹಾಗೇ ಉಳಿಯುತ್ತದೆ. ಹಾಳೆಯ ಟೋಪಿ ಮುಟ್ಟಾಳೆಯನ್ನು ಕಟ್ಟುವ ಮನೆಯ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ರೆಕ್ಕೆಯನ್ನು ಕಡ್ಡಿಗೆ ಸಿಕ್ಕಿಸಿ ತಕ್ಕಡಿಯ ಮೇಲಿಟ್ಟು ಫ್ಯಾನ್ ಹಾಕಿದರೆ ತೂಕದ ಅಂಕಿ ಇಳಿಯುತ್ತದೆ. ಮುಂದಿನ ಅಂಚನ್ನು ತುಸು ಎತ್ತಿದರೆ ಇನ್ನಷ್ಟು ಇಳಿಯುತ್ತದೆ. ಮತ್ತೂ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಇಳಿಯುತ್ತಿದ್ದ ಅಂಕಿ ತಿರುಗಿ ಏರತೊಡಗುತ್ತದೆ. ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿತು. ಆ ಕೋನ ಯಾವುದೆಂದು ಏಳನೇ ಕ್ಲಾಸಿನ ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡು, ಹಾಳೆಯನ್ನು ಇನ್ನೊಂದಿಷ್ಟು ಬಾಗಿಸಿ, ಮತ್ತೆ ಫ್ಯಾನ್ ಹಾಕಲಿ.