ಹೊಳೆಯ ದಡವೂ ಗಾಲಿಕುರ್ಚಿಯೂ

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಸುತ್ತಣ ಜನರಿಗೆ ಸಂಗಮವೂ ಮೇಕೆದಾಟೂ ಹೊಸ ಸ್ಥಳಗಳಲ್ಲ. ಅರ್ಕಾವತಿಯು ಕಾವೇರಿಯನ್ನು ಕೂಡುವ ಆ ಎಡೆಗೆ ರಜಾದಿನಗಳಲ್ಲಿ ನೆರೆಯ ಊರುಗಳಿಂದಲೂ ಬೆಂಗಳೂರಿನಿಂದಲೂ ಜನರು ಸಂಸಾರಸಮೇತರಾಗಿ ಬರುತ್ತಾರೆ, ಬುತ್ತಿ ಬಿಚ್ಚುತ್ತಾರೆ, ನೀರಿನ ಅಂಚಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಆದರೆ ದಡದ ಮೇಲೆ ನಿಲ್ಲಿಸಿದ ಮೋಟಾರುಗಳ ಕಡೆಗೆ ಒಮ್ಮೆ ತಿರುಗಿ ನೋಡಿದವರಿಗೆ, ಬಾಗಿಲು ತೆರೆದ ಒಂದೆರಡು ಬಂಡಿಗಳಲ್ಲಿ ಮುದುಕಿಯೊಬ್ಬಳೋ, ಕಾಲು ಸ್ವಾಧೀನವಿಲ್ಲದ ತರುಣನೊಬ್ಬನೋ ಕುಳಿತಿರುವುದು ಕಾಣದೆ ಇರದು. ಅವರೂ ಮನೆಯವರೊಡನೆ ಹೊರಟವರೇ. ಪ್ರಯಾಣದ ಶ್ರಮವನ್ನೆಲ್ಲ ಅನುಭವಿಸಿದವರೇ. ಹೊಳೆಯ ಸದ್ದು ಅವರ ಪಾಲಿಗೆ, ಹೊಳೆ ಮಾತ್ರ ಉಳಿದವರ ಪಾಲಿಗೆ!

ಇದಕ್ಕೆ ದೈವವನ್ನು ದೂರುವವರುಂಟು. ನಾವು ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇವೆ. ಮೇಕೆದಾಟಿನ ಕಮರಿಯಲ್ಲಿ ಕಾವೇರಿಯು ಬಂಡೆಗಳನ್ನು ಕೊರೆದು ಮಾಡಿಕೊಂಡಿರುವ ದಾರಿಯನ್ನು ಯಾರೂ ಸಿಮೆಂಟಿನಿಂದ ಸಮಮಾಡಬೇಕಾಗಿಲ್ಲ. ರಾಮನಗರದ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಅಲ್ಲಿಯೂ ಕಲ್ಲೊಡೆದು ಹಾದಿಮಾಡಿರೆಂದು ನಾವು ಕೇಳುವವರಲ್ಲ. ಪ್ರಕೃತಿಯು ತಡೆದುದನ್ನು ತಾಳಿಕೊಳ್ಳಬಹುದು. ಆದರೆ ವಾಹನ ನಿಲ್ಲುವ ಸ್ಥಳದಿಂದ ಹೊಳೆ ಕಾಣುವ ಸ್ಥಳದವರೆಗಿನ ಕೆಲವೇ ಗಜಗಳ ಮರಳು, ಕಲ್ಲು, ಹಳ್ಳಗಳು ಪ್ರಕೃತಿಯ ಅಪ್ಪಣೆಯಲ್ಲ, ನಮ್ಮ ಅಲಕ್ಷ್ಯ. ಗಾಲಿಕುರ್ಚಿಯು ಒಳಹೋಗದ ಶೌಚಗೃಹವನ್ನು ಕಟ್ಟುವವನು ಮನುಷ್ಯನೇ ಹೊರತು ದೈವವಲ್ಲ.

ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ವಿನೋದವಿಹಾರಕ್ಕೆ ಉಪಯೋಗವಾಗುವ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡಗಳೊಳಗೆ ಸೇರಿಸಿದೆ. 2017ರಲ್ಲಿ ನಿಯಮಗಳು ಪ್ರಕಟವಾದವು. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟಿದ್ದ ಐದು ವರ್ಷಗಳ ಅವಧಿಯು 2022ರಲ್ಲಿಯೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ ಸೌಕರ್ಯದ ನಿಯಮಗಳು ಬರಿಯ ಸಲಹೆಗಳಾಗಿರಬಾರದು, ಕಡ್ಡಾಯವಾಗಿರಬೇಕು ಎಂದು ತೀರ್ಪಿತ್ತಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇವರೊಡನೆ ಮಂಡಿ ಸೋತ ವೃದ್ಧರನ್ನೂ ಸೇರಿಸಿದರೆ, ಈ ಪ್ರಶ್ನೆಯು ಯಾವ ಮನೆಯ ಬಾಗಿಲಿಗೆ ಬರುವುದಿಲ್ಲ?

ಮಳೆಗಾಲ ಕಳೆದ ಮೇಲೆ ನಮ್ಮ ಪಣಂಬೂರಿನ ಬಂದರಿಗೆ ವಿದೇಶದ ವಿಹಾರನೌಕೆಗಳು ಬರುತ್ತವೆ. ಯಾತ್ರಿಕರು ಹಗಲೊಂದರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿಕೊಂಡು ಹಡಗಿಗೆ ಮರಳುತ್ತಾರೆ. ಇಂತಹ ಹಡಗುಗಳವರು ದಡದ ಪ್ರವಾಸವನ್ನು ಗೊತ್ತುಮಾಡುವಾಗ, ಎಷ್ಟು ನಡೆಯಬೇಕು, ಮೆಟ್ಟಿಲುಗಳುಂಟೇ, ಗಾಲಿಕುರ್ಚಿ ಹೋಗುವುದೇ ಎಂಬುದನ್ನು ಮುಂದಾಗಿಯೇ ತಿಳಿಸುವುದು ವಾಡಿಕೆ. ಸಮುದ್ರದ ಆಚೆಯಿಂದ ಬರುವವನಿಗೆ ದೊರೆಯುವ ಈ ತಿಳಿವಳಿಕೆಯು ಕೋಡಿಹಳ್ಳಿಯಿಂದ ಸಂಗಮಕ್ಕೆ ಹೊರಡುವವನಿಗೂ ದೊರೆಯಬೇಡವೇ? ಹೊಳೆಯನ್ನು ನೀರಿದ್ದಾಗ ತೆಪ್ಪದಲ್ಲಿ, ನೀರಿಳಿದಾಗ ನಡೆದು ದಾಟಬೇಕು; ಆಚೆಯ ದಡದಲ್ಲಿ ಬಸ್ಸು ಹತ್ತಬೇಕು; ಕಡೆಗೆ ಬಂಡೆಗಳನ್ನು ಇಳಿಯಬೇಕು. ಇಷ್ಟನ್ನು ಕನ್ನಡದಲ್ಲಿ ಬರೆದು ಕನಕಪುರದಲ್ಲಿ ಒಂದು ಹಲಗೆ ನಿಲ್ಲಿಸಲು ಬೊಕ್ಕಸವೇನೂ ಬರಿದಾಗುವುದಿಲ್ಲ.

ಮನಸ್ಸಿದ್ದರೆ ಮಾರ್ಗವಿದೆಯೆಂಬುದಕ್ಕೆ ದೃಷ್ಟಾಂತವೂ ಉಂಟು. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ದೆಹಲಿಗೆ ಬಂದಾಗ, ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳಲ್ಲಿ ಅವರ ಗಾಲಿಕುರ್ಚಿಗಾಗಿ ಮರದ ಇಳಿಜಾರು ಹಾದಿಗಳು ಸಿದ್ಧವಾದವು. ಜಗದ್ವಿಖ್ಯಾತ ಅತಿಥಿಗೆ ಆ ಗೌರವವು ತಕ್ಕುದೇ. ಆದರೆ ನಮ್ಮ ರೈತನ ಮಗಳಿಗೆ ಅದು ಸಲ್ಲಲು ಆಕೆ ಎಷ್ಟು ಪ್ರಖ್ಯಾತಳಾಗಬೇಕು?

‘ನಾಲ್ವರು ಎತ್ತಿಕೊಂಡು ಹೋದರಾಯಿತು’ ಎನ್ನುವ ದಯಾಳುಗಳಿದ್ದಾರೆ. ಶ್ರವಣಬೆಳಗೊಳದ ಬೆಟ್ಟಕ್ಕೆ ಡೋಲಿಯಲ್ಲಿ ಹೊತ್ತೊಯ್ಯುವ ಪದ್ಧತಿಯುಂಟು. ಕಡಿದಾದ ಬೆಟ್ಟಕ್ಕೆ ಅದು ಒಳ್ಳೆಯ ಉಪಾಯವೇ. ಆದರೆ ಹೊರಿಸಿಕೊಂಡವನು ಹೊತ್ತವರ ಇಷ್ಟದಂತೆ ನಿಲ್ಲಬೇಕು, ಅವರ ಇಷ್ಟದಂತೆ ಹೊರಡಬೇಕು. ತನ್ನ ಕೈಯಿಂದ ಗಾಲಿಯನ್ನು ತಿರುಗಿಸಿಕೊಂಡು, ತನಗೆ ಬೇಕಾದಷ್ಟು ಹೊತ್ತು ಹೊಳೆಯ ಮುಂದೆ ಇರುವುದೇ ಬೇರೆ. ಅದು ದಯೆಯಲ್ಲ, ಸ್ವಾತಂತ್ರ್ಯ.

ನಾವು ಕೇಳುವುದು ಅಲ್ಪ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದಂತೆ ಇಳಿಜಾರು ಮಾಡಬೇಕೆಂಬುದು ಎಂಜಿನಿಯರರು ಬಲ್ಲ ಲೆಕ್ಕ. ಮೂರಡಿಯ ದಡಕ್ಕೆ ಮೂವತ್ತಾರಡಿ ಸಾಕು. ಇದು ಕನ್ನಂಬಾಡಿಯ ಅಣೆಕಟ್ಟೆಯಲ್ಲ. ಸಂಗಮದಲ್ಲಿ ಗಟ್ಟಿ ನೆಲದ ಒಂದು ಹಾದಿ, ಅದರ ತುದಿಯಲ್ಲಿ ನೆರಳುಳ್ಳ, ಕಟಕಟೆಯುಳ್ಳ ಒಂದು ಜಗಲಿ, ಅಗಲವಾದ ಬಾಗಿಲಿನ ಒಂದು ಶೌಚಗೃಹ, ಮತ್ತು ಮೇಲೆ ಹೇಳಿದ ಹಲಗೆ—ಇಷ್ಟನ್ನು ಪ್ರವಾಸೋದ್ಯಮ ಇಲಾಖೆಯವರೂ ಅರಣ್ಯ ಇಲಾಖೆಯವರೂ ಕೂಡಿ ಮಾಡಿಸಲಿ. ಕಾಗದವು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುತ್ತ ವರ್ಷಗಳು ಕಳೆಯದಿರಲಿ. ಕೆಲಸಕ್ಕೆ ಮೊದಲು ಗಾಲಿಕುರ್ಚಿಯಲ್ಲಿ ಕುಳಿತವರೊಬ್ಬರನ್ನು ಸ್ಥಳಕ್ಕೆ ಕರೆದೊಯ್ದು ಅವರ ಮಾತು ಕೇಳಲಿ. ಮುಗಿದ ಮೇಲೆ ಮೊದಲು ಅವರೇ ಆ ಹಾದಿಯಲ್ಲಿ ಸಾಗಲಿ. ಕಾವೇರಿಯನ್ನು ತಾಯಿಯೆನ್ನುವ ನಾವು, ತಾಯಿಯ ಮುಖವನ್ನು ನೋಡಲು ಕೆಲವು ಮಕ್ಕಳಿಗೆ ಮಾತ್ರ ದಾರಿ ಬಿಡುವುದು ನ್ಯಾಯವಲ್ಲ.