ಆಟಕ್ಕುಂಟು, ಲೆಕ್ಕಕ್ಕಿಲ್ಲ: ಉನ್ನತ ಶಿಕ್ಷಣದಲ್ಲಿ ವಿದ್ಯಾರ್ಥಿ ಪ್ರಾತಿನಿಧ್ಯ

ನಮ್ಮ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯ ಮೂಲಕ. ದೇಶದ ಆಡಳಿತವನ್ನು ಯಾರ ಕೈಗೆ ಒಪ್ಪಿಸಬೇಕೆಂದು ನಿರ್ಧರಿಸುವ ವಿವೇಕ ಹದಿನೆಂಟರ ಹರೆಯದವರಿಗೆ ಇದೆಯೆಂದು ಸಂಸತ್ತು ಅಂದು ಒಪ್ಪಿಕೊಂಡಿತು. ವಿಪರ್ಯಾಸವೆಂದರೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಗಳಿಗೆ ತೆರೆ ಬಿತ್ತು. ಅವನ್ನು ಮರಳಿ ಆರಂಭಿಸುವ ಮಾತು 2025ರಲ್ಲಿ ರಾಜಕೀಯ ವಲಯದಲ್ಲಿ ಕೇಳಿಬಂದಿತು. ಕೆಲವು ಕಾಲೇಜುಗಳು ಇಂದಿಗೂ ತರಗತಿ ನಾಯಕರನ್ನು ಆರಿಸುತ್ತವೆ, ನಿಜ. ಆದರೆ ಶುಲ್ಕ, ಪರೀಕ್ಷೆ, ಹಾಸ್ಟೆಲ್, ಪಠ್ಯಕ್ರಮಗಳ ಬಗ್ಗೆ ತೀರ್ಮಾನ ನಡೆಯುವ ಮೇಜಿನವರೆಗೆ ಅವರ ಧ್ವನಿ ತಲಪುವುದು ಅಪರೂಪ.

ಹಾಗೆಂದು ವಿದ್ಯಾರ್ಥಿಗಳಿಗೆ ಸಮಿತಿಗಳಲ್ಲಿ ಸ್ಥಾನವೇ ಇಲ್ಲವೆನ್ನುವಂತಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿಯೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ವಿದ್ಯಾರ್ಥಿವೇತನದ ವಿಳಂಬ, ಪ್ರಮಾಣಪತ್ರಗಳನ್ನು ಹಿಂದಿರುಗಿಸದೆ ಹಿಡಿದಿಟ್ಟುಕೊಳ್ಳುವುದು, ಹೆಚ್ಚುವರಿ ಶುಲ್ಕ, ಅಲ್ಪಸಂಖ್ಯಾತರು ಹಾಗೂ ಹಿಂದುಳಿದ ವರ್ಗದವರ ಬಗ್ಗೆ ತಾರತಮ್ಯ ಇವೆಲ್ಲವೂ ಅದರ ಮುಂದೆ ಬರಬಹುದಾದ ದೂರುಗಳು. ನಮ್ಮ ಮನೆಗಳಿಂದ ಕಾಲೇಜಿಗೆ ಹೋಗುವ ಮಕ್ಕಳು ನಿತ್ಯ ಎದುರಿಸುವ ಸಮಸ್ಯೆಗಳಿವು.

ಆ ಸಮಿತಿಯ ರಚನೆಯನ್ನು ಗಮನಿಸಿರಿ. ಅಧ್ಯಕ್ಷರು ಪ್ರಾಧ್ಯಾಪಕರು, ನಾಲ್ವರು ಸದಸ್ಯರೂ ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು. ವಿದ್ಯಾರ್ಥಿ ಇರುವುದು ಒಬ್ಬನೇ ಅಥವಾ ಒಬ್ಬಳೇ, ಅದೂ 'ವಿಶೇಷ ಆಹ್ವಾನಿತ'ರಾಗಿ. ಅವರನ್ನು ವಿದ್ಯಾರ್ಥಿಗಳು ಆರಿಸುವುದಿಲ್ಲ. ಅಂಕ, ಕ್ರೀಡೆ ಅಥವಾ ಪಠ್ಯೇತರ ಚಟುವಟಿಕೆಗಳ ಸಾಧನೆಯ ಆಧಾರದಲ್ಲಿ ಅವರ ನಾಮಕರಣವಾಗುತ್ತದೆ. ಸದಸ್ಯರ ಅವಧಿ ಎರಡು ವರ್ಷ, ಆಹ್ವಾನಿತರದ್ದು ಒಂದು ವರ್ಷ. ಇನ್ನೂ ಒಂದು ಸಂಗತಿ: ಸಭೆಯ ಕೋರಂ ಮೂವರು, ಆ ಮೂವರಲ್ಲಿ ವಿದ್ಯಾರ್ಥಿಯನ್ನು ಎಣಿಸುವಂತಿಲ್ಲ. ಅಂದರೆ ವಿದ್ಯಾರ್ಥಿಗಳ ಕುಂದುಕೊರತೆ ಆಲಿಸುವ ಸಭೆಯು ಒಬ್ಬ ವಿದ್ಯಾರ್ಥಿಯೂ ಇಲ್ಲದೆ ಸಿಂಧುವಾಗಿ ನಡೆದುಹೋಗಬಹುದು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ನಮ್ಮ ನಾಡಿನ ಮಾತಿಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಅತ್ಯಧಿಕ ಅಂಕ ಗಳಿಸಿದವರ ಬಗ್ಗೆ ನಮಗೆ ಗೌರವವಿದೆ. ಆದರೆ ಅಂಕಪಟ್ಟಿಯು ಜಾಣ್ಮೆಯ ಪ್ರಮಾಣಪತ್ರವೇ ಹೊರತು ಸಹಪಾಠಿಗಳ ವಿಶ್ವಾಸದ ಪ್ರಮಾಣಪತ್ರವಲ್ಲ. ಆಡಳಿತದ ಕೃಪೆಯಿಂದ ಸ್ಥಾನ ಪಡೆದವರು ಆ ಆಡಳಿತದ ವಿರುದ್ಧದ ದೂರನ್ನು ಎಷ್ಟು ಗಟ್ಟಿಯಾಗಿ ಮಂಡಿಸಿಯಾರು? ಈ ಶಂಕೆ ಹೊಸದಲ್ಲ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ನೇತೃತ್ವದ ಸಮಿತಿಯು 2006ರಲ್ಲಿ ನೀಡಿದ ವರದಿಯಲ್ಲಿಯೇ, ನಾಮಕರಣ ಪದ್ಧತಿಯಲ್ಲಿ ಹಲವು ದೋಷಗಳಿವೆ, ಅದು ತಾತ್ಕಾಲಿಕ ವ್ಯವಸ್ಥೆಯಾಗಿ ಮಾತ್ರ ಇರಬೇಕು, ಅದರಲ್ಲಿಯೂ ಕೇವಲ ಅಂಕಗಳನ್ನೇ ಮಾನದಂಡವಾಗಿಸುವುದು ಸೂಕ್ತವಲ್ಲ ಎಂದು ಹೇಳಿತ್ತು. ಐದು ವರ್ಷಗಳಲ್ಲಿ ಹಂತಹಂತವಾಗಿ ಚುನಾವಣೆಯತ್ತ ಸಾಗಬೇಕೆಂದೂ ಸೂಚಿಸಿತ್ತು. ಆ ಶಿಫಾರಸುಗಳನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್ 22ರಂದು ಆದೇಶಿಸಿತು. ಐದು ವರ್ಷಗಳ ಗಡುವು 2011ಕ್ಕೇ ಮುಗಿದಿದೆ. ತಾತ್ಕಾಲಿಕವಾದುದು ಶಾಶ್ವತವಾಗಿ ಬೇರೂರಿದೆ.

ಚುನಾವಣೆಯೆಂದರೆ ಗಲಭೆ, ಹಣದ ಹೊಳೆ, ಮತೀಯ ಧ್ರುವೀಕರಣ ಎಂಬ ಭೀತಿ ಹೆತ್ತವರಲ್ಲಿ ಇದೆ. ಅದು ನಿರಾಧಾರವೂ ಅಲ್ಲ. ಲಿಂಗ್ಡೋ ಸಮಿತಿಯು ಈ ಭೀತಿಯನ್ನು ಎದುರಿಟ್ಟುಕೊಂಡೇ ಕಟ್ಟುಪಾಡುಗಳನ್ನು ವಿಧಿಸಿತು: ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಕೂಡದು, 75 ಶೇಕಡಾ ಹಾಜರಾತಿ ಇರಬೇಕು, ಮುದ್ರಿತ ಪೋಸ್ಟರ್ ಸಲ್ಲದು, ರಾಜಕೀಯ ಪಕ್ಷಗಳ ನಂಟು ಇರಬಾರದು, ನಾಮಪತ್ರದಿಂದ ಫಲಿತಾಂಶದವರೆಗೆ ಹತ್ತು ದಿನಗಳೊಳಗೆ ಎಲ್ಲವೂ ಮುಗಿಯಬೇಕು. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರಲ್ಲಿ ತಂದ ನಿಯಮಾವಳಿಯಂತೂ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ಹಂತಗಳಿಂದ ಒಬ್ಬೊಬ್ಬರಂತೆ ಮೂವರು ವಿದ್ಯಾರ್ಥಿಗಳು ಆಂತರಿಕ ದೂರು ಸಮಿತಿಯಲ್ಲಿರಬೇಕು, ಅವರು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಿಂದ ಚುನಾಯಿತರಾಗಿರಬೇಕು ಎನ್ನುತ್ತದೆ. ಅತ್ಯಂತ ಸೂಕ್ಷ್ಮವಾದ ಸಮಿತಿಗೇ ಚುನಾಯಿತ ವಿದ್ಯಾರ್ಥಿ ಬೇಕೆಂದಾದರೆ, ಶುಲ್ಕ ಮತ್ತು ವಿದ್ಯಾರ್ಥಿವೇತನದ ದೂರುಗಳನ್ನು ಆಲಿಸುವ ಸಮಿತಿಗೆ ಏಕೆ ಬೇಡ?

ಪ್ರಾತಿನಿಧ್ಯವಿಲ್ಲದಿರುವುದರ ಬೆಲೆ ಏನೆಂಬುದನ್ನು ನಮ್ಮ ಹೆಣ್ಣುಮಕ್ಕಳು 2022ರಲ್ಲಿ ಕಂಡರು. ಆ ವರ್ಷದ ಫೆಬ್ರವರಿ 5ರ ಸರಕಾರಿ ಆದೇಶವು ಸರಕಾರಿ ಪದವಿಪೂರ್ವ ಕಾಲೇಜುಗಳ ಸಮವಸ್ತ್ರದ ತೀರ್ಮಾನವನ್ನು ಸ್ಥಳೀಯ ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಬಿಟ್ಟುಕೊಟ್ಟಿತು. ಅನೇಕ ವಿದ್ಯಾರ್ಥಿನಿಯರು ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಯಿತು. ಪ್ರಕರಣವು ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ, ಅಕ್ಟೋಬರ್ 13ರಂದು ಅಲ್ಲಿ ಭಿನ್ನ ತೀರ್ಪು ಬಂದಿತು. ನ್ಯಾಯಾಲಯದ ಮೆಟ್ಟಿಲೇರುವ ಮುನ್ನ, ಆ ವಿದ್ಯಾರ್ಥಿನಿಯರನ್ನು ಸರಿಸಮಾನವಾಗಿ ಕುಳ್ಳಿರಿಸಿ ಅವರ ಮಾತನ್ನು ಆಲಿಸಿದ ಸಮಿತಿಗಳು ಎಷ್ಟು? ಮತದ ಬಲವುಳ್ಳ ಒಂದು ಸ್ಥಾನವಿದ್ದಿದ್ದರೆ ತೀರ್ಮಾನ ಬದಲಾಗುತ್ತಿತ್ತೆಂದು ಹೇಳಲಾಗದು. ಆದರೆ ಅದು ಕಿವುಡಾಗಿ ಹೊರಡುತ್ತಿರಲಿಲ್ಲ.

ಇಲ್ಲಿ ಸಮುದಾಯವೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ. 'ನಿನ್ನ ಪಾಡಿಗೆ ನೀನು ಓದು, ಯಾವ ಗೊಡವೆಗೂ ಹೋಗಬೇಡ' ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಸಿಗುವ ಮೊದಲ ಉಪದೇಶ. ಹೆಣ್ಣುಮಕ್ಕಳಿಗಂತೂ ಅದು ಆಜ್ಞೆಯೇ ಆಗಿದೆ. ಕಾಲೇಜಿನ ಸಮಿತಿಯಲ್ಲಿ ನಿಯಮಾವಳಿ ಓದಿ, ಮನವಿ ಬರೆದು, ಭಿನ್ನಾಭಿಪ್ರಾಯವನ್ನು ಸಭ್ಯವಾಗಿ ಮಂಡಿಸಲು ಕಲಿಯದವರು ನಾಳೆ ನಗರಸಭೆಯಲ್ಲಾಗಲಿ, ವಕ್ಫ್ ಸಂಸ್ಥೆಗಳಲ್ಲಾಗಲಿ ಏನನ್ನು ಮಾಡಿಯಾರು? ಮುಸ್ಲಿಮ್ ಆಡಳಿತದ ಕಾಲೇಜುಗಳೂ ಈ ಪ್ರಶ್ನೆಯಿಂದ ಹೊರತಲ್ಲ. ಸರಕಾರದಿಂದ ಪ್ರಾತಿನಿಧ್ಯ ಕೇಳುವ ನಾವು ನಮ್ಮದೇ ಸಂಸ್ಥೆಗಳ ಸಮಿತಿಗಳಲ್ಲಿ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಅದನ್ನು ನಿರಾಕರಿಸುವುದು ಸಲ್ಲದು.

ಬೇಡಿಕೆ ದೊಡ್ಡದೇನಲ್ಲ. ಕುಂದುಕೊರತೆ ಸಮಿತಿಯ ವಿದ್ಯಾರ್ಥಿಯನ್ನು ವಿದ್ಯಾರ್ಥಿಗಳೇ ಆರಿಸಲಿ, ಮತದ ಹಕ್ಕು ಇರಲಿ, ಕೋರಂನಲ್ಲಿ ಎಣಿಕೆಯಾಗಲಿ. ಅದಾಗುವವರೆಗೆ ಹೆತ್ತವರು ಮಾಡಬಹುದಾದ ಕೆಲಸವೊಂದಿದೆ. ಮಕ್ಕಳ ಕಾಲೇಜಿನಲ್ಲಿ ಈ ಸಮಿತಿ ರಚನೆಯಾಗಿದೆಯೇ, ಅದರ ವಿದ್ಯಾರ್ಥಿ ಆಹ್ವಾನಿತರು ಯಾರು ಎಂದು ವಿಚಾರಿಸಿರಿ. ದೂರು ಕೊಟ್ಟರೆ ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು; ಅತೃಪ್ತರಾದವರು ಲೋಕಪಾಲರಿಗೆ, ಅಂದರೆ ಓಂಬುಡ್ಸ್‌ಪರ್ಸನ್‌ಗೆ, ಮೇಲ್ಮನವಿ ಸಲ್ಲಿಸಬಹುದು. ಕೇಳುವವರಿದ್ದಾರೆಂದು ತಿಳಿದರೆ ಕಡತದಲ್ಲಷ್ಟೇ ಇರುವ ಸಮಿತಿಗಳೂ ಸಭೆ ಸೇರತೊಡಗುತ್ತವೆ.