ನಡೆದದ್ದನ್ನು ತಿಂದು ತೀರಿಸಬೇಕೆ?

ಬೆಂಗಳೂರಿನ ಲಾಲ್‌ಬಾಗಿನಲ್ಲಾಗಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಾಗಲಿ, ಬೆಳಗಿನ ಹೊತ್ತು ನಡೆಯುವವರ ಮಾತಿಗೆ ಕಿವಿಗೊಟ್ಟರೆ ಹೊಸದೊಂದು ಲೆಕ್ಕಾಚಾರ ಕೇಳಿಬರುತ್ತದೆ. ಮೊದಲು ‘ಎಷ್ಟು ಸುತ್ತು ಹಾಕಿದಿರಿ?’ ಎನ್ನುತ್ತಿದ್ದವರು ಈಗ ಮಣಿಕಟ್ಟು ನೋಡಿಕೊಂಡು ‘ಇವತ್ತು ಮುನ್ನೂರು ಕ್ಯಾಲೊರಿ ಆಯಿತು’ ಎನ್ನುತ್ತಾರೆ. ಅದರ ಬೆನ್ನಿಗೇ ಬರುವ ಪ್ರಶ್ನೆ: ಕರಗಿದ ಈ ಮುನ್ನೂರನ್ನು ತಿಂದು ತುಂಬಿಕೊಳ್ಳಬಹುದೇ? ಬಹಳಷ್ಟು ಮಂದಿ ಉತ್ತರಕ್ಕೆ ಕಾಯದೆ ಗೇಟಿನಾಚೆಯ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಹೇಳಿಬಿಟ್ಟಿರುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಸಲೆಂದು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ನಡೆಯುವವರು ಆ ಕ್ಯಾಲೊರಿಯನ್ನು ಮರಳಿ ತಿನ್ನುವ ಅಗತ್ಯವಿಲ್ಲ. ಆದರೆ ತಿನ್ನಲೇಬೇಕಾದವರೂ ಇದ್ದಾರೆ. ಅವರು ತಿನ್ನದೆ ಇರುವುದೇ ನನಗೆ ಹೆಚ್ಚು ಚಿಂತೆಯ ವಿಷಯ.

ಮೊದಲು ಗಡಿಯಾರದ ಲೆಕ್ಕವನ್ನೇ ನೋಡೋಣ. ಅರವತ್ತು ಕಿಲೋ ತೂಕದ ವ್ಯಕ್ತಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 200 ಕ್ಯಾಲೊರಿ ಖರ್ಚಾಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ಗಂಟೆ ಅವರು ಕುರ್ಚಿಯಲ್ಲಿ ಪತ್ರಿಕೆ ಓದುತ್ತಾ ಕುಳಿತಿದ್ದರೂ ಉಸಿರಾಟ, ಹೃದಯದ ಬಡಿತ, ಮೈಯ ಶಾಖ ಇವುಗಳಿಗಾಗಿ ಸುಮಾರು 60 ಕ್ಯಾಲೊರಿ ಹೋಗಿಯೇ ಹೋಗುತ್ತಿತ್ತು. ಎಂದರೆ ನಡಿಗೆಯಿಂದ ಹೆಚ್ಚಾಗಿ ಕರಗಿದ್ದು 140ರ ಆಸುಪಾಸು. ಒಟ್ಟು ಖರ್ಚನ್ನೆಲ್ಲ ನಡಿಗೆಯ ಸಂಪಾದನೆ ಎಂದು ಬರೆದುಕೊಂಡರೆ ಆರಂಭದಲ್ಲೇ ಲೆಕ್ಕ ತಪ್ಪಿದಂತೆ.

ಇನ್ನು ಯಂತ್ರ ಎಷ್ಟು ನಿಖರ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮಣಿಕಟ್ಟಿಗೆ ಕಟ್ಟುವ ಏಳು ಬಗೆಯ ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಿದರು. ನಾಡಿಬಡಿತವನ್ನು ಏಳರಲ್ಲಿ ಆರು ಸಾಧನಗಳು ಸರಿಯಾಗಿಯೇ ಅಳೆದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಎಲ್ಲವೂ ಎಡವಿದವು. ಅವುಗಳಲ್ಲಿ ಅತ್ಯುತ್ತಮ ಎನಿಸಿದ್ದೂ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತ್ತು. ಕಳಪೆಯದು ನೂರಕ್ಕೆ 93ರಷ್ಟು. ಸಾಧನಗಳು ಆಮೇಲೆ ಸುಧಾರಿಸಿರಬಹುದು. ಆದರೂ ನಾಡಿಬಡಿತ, ವಯಸ್ಸು, ತೂಕಗಳಿಂದ ಕ್ಯಾಲೊರಿಯನ್ನು ಊಹಿಸುವುದಷ್ಟೇ ಅವುಗಳ ಕೆಲಸ. ಊಹೆಯನ್ನು ನಂಬಿ ದೋಸೆ ತಿನ್ನುವುದು ಬಾರದ ಸಂಬಳ ನೆಚ್ಚಿ ಸಾಲ ಮಾಡಿದ ಹಾಗೆ.

ತಟ್ಟೆಯ ಕಡೆಯ ಲೆಕ್ಕವೂ ಇದಕ್ಕಿಂತ ಗಟ್ಟಿಯೇನಲ್ಲ. ಪಿಷ್ಟ ಮತ್ತು ಪ್ರೋಟೀನಿನ ಒಂದು ಗ್ರಾಮಿಗೆ ನಾಲ್ಕು, ಜಿಡ್ಡಿನ ಒಂದು ಗ್ರಾಮಿಗೆ ಒಂಬತ್ತು ಕ್ಯಾಲೊರಿ ಎಂಬ ಸೂತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲ್ಬರ್ ಅಟ್‌ವಾಟರ್ ನಡೆಸಿದ ಪ್ರಯೋಗಗಳಿಂದ ಬಂದದ್ದು. ಸೂತ್ರ ಸರಿಯಾದದ್ದೇ. ಆದರೆ ಹೋಟೆಲಿನ ಕಾವಲಿಯ ಮೇಲೆ ಅಡಿಗೆಯವರು ಎಷ್ಟು ಎಣ್ಣೆ ಸುರಿದರು ಎಂಬುದು ಯಾವ ಆ್ಯಪಿಗೂ ತಿಳಿಯದು. ಒಂದು ಸಣ್ಣ ಚಮಚ ಎಣ್ಣೆ ಹೆಚ್ಚಾದರೆ 40ಕ್ಕೂ ಮೇಲೆ ಕ್ಯಾಲೊರಿ ಸೇರಿತು. ಬೆಣ್ಣೆಯ ಮುದ್ದೆ ಇಟ್ಟು ಕೊಟ್ಟ ಮಸಾಲೆ ದೋಸೆ, ಮೇಲೊಂದು ಸಕ್ಕರೆ ಹಾಕಿದ ಕಾಫಿ ಎಂದರೆ ಗಂಟೆಯ ನಡಿಗೆಯ ಎರಡರಷ್ಟಕ್ಕಿಂತ ಹೆಚ್ಚು ಹೊಟ್ಟೆ ಸೇರಿರುತ್ತದೆ. ‘ದಿನಾ ನಡೆದರೂ ತೂಕ ಇಳಿಯುತ್ತಿಲ್ಲ ಡಾಕ್ಟ್ರೇ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಎರಡು ಬಾರಿ ಲೆಕ್ಕ ಹಿಡಿಯುವುದು ಇನ್ನೊಂದು ಬಗೆಯ ಎಡವಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110, ಅಂಥದೇ ಜೀವನಕ್ರಮದ 55 ಕಿಲೋ ತೂಕದ ಹೆಂಗಸಿಗೆ 1660 ಕ್ಯಾಲೊರಿ ಬೇಕು. ಮಧ್ಯಮ ಶ್ರಮದವರಿಗೆ ಕ್ರಮವಾಗಿ 2710 ಮತ್ತು 2130. ಆ್ಯಪಿನಲ್ಲಿ ‘ನಾನು ಚಟುವಟಿಕೆಯವನು’ ಎಂದು ಗುರುತು ಹಾಕಿದವರಿಗೆ ಅವರ ಓಡಾಟದ ಕ್ಯಾಲೊರಿ ಮೊದಲೇ ಸೇರಿರುತ್ತದೆ. ಅದರ ಮೇಲೆ ಬೆಳಗಿನ ನಡಿಗೆಯನ್ನು ಮತ್ತೆ ಕೂಡಿಸಿದರೆ ಒಂದೇ ರಸೀದಿಗೆ ಎರಡು ಸಲ ಹಣ ಪಡೆದಂತಾಗುತ್ತದೆ.

ಮೈಯೂ ಚಾಣಾಕ್ಷತನದಿಂದ ವರ್ತಿಸುತ್ತದೆ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರನ್ನು ಅಧ್ಯಯನ ಮಾಡಿದ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 2012ರಲ್ಲಿ ಅಚ್ಚರಿಯ ಸಂಗತಿಯನ್ನು ಪ್ರಕಟಿಸಿದರು. ದಿನವಿಡೀ ಅಲೆಯುವ ಆ ಜನ ಖರ್ಚು ಮಾಡುವ ಒಟ್ಟು ಶಕ್ತಿ, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ, ಪಾಶ್ಚಾತ್ಯ ನಗರವಾಸಿಗಳದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಇದರ ಕಾರಣದ ಬಗ್ಗೆ ತಜ್ಞರಲ್ಲಿ ಚರ್ಚೆ ಇನ್ನೂ ನಡೆದಿದೆ. ಬೆಳಿಗ್ಗೆ ಬಿರುಸಾಗಿ ನಡೆದವರು ಉಳಿದ ದಿನವೆಲ್ಲ ಸೋಫಾ ಬಿಟ್ಟು ಏಳದಿರುವುದನ್ನು ಮಾತ್ರ ನಾವೆಲ್ಲ ಮನೆಯಲ್ಲೇ ಕಂಡಿದ್ದೇವೆ!

ಹಾಗಾದರೆ ನಡೆಯುವುದೇ ವ್ಯರ್ಥವೆ? ಖಂಡಿತ ಇಲ್ಲ. ರಕ್ತದೊತ್ತಡ, ಸಕ್ಕರೆ, ನಿದ್ರೆ, ಮಂಡಿಯ ಬಲ ಇವುಗಳಿಗೆ ನಡಿಗೆ ಕೊಡುವ ಲಾಭ ಕ್ಯಾಲೊರಿಯ ಅಂಕಿಯಲ್ಲಿ ಕಾಣುವುದಿಲ್ಲ. ಗಡಿಯಾರದ ಬದಲು ದರ್ಜಿಯ ಟೇಪು ಇಟ್ಟುಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟದಂತೆ ನೋಡಿಕೊಳ್ಳಿ. ನಡೆದು ಬಂದು ತೀರಾ ಹಸಿವಾದರೆ ಒಂದು ಲೋಟ ಮಜ್ಜಿಗೆಯೋ ಒಂದು ಬಾಳೆಹಣ್ಣೋ ಸಾಕು.

ಈಗ ತಿನ್ನಬೇಕಾದವರ ಮಾತು. ಗದ್ದೆಯಲ್ಲಿ ನಾಟಿ ಮಾಡುವವರು, ಕಟ್ಟಡದಲ್ಲಿ ಗಾರೆ ಹೊರುವವರು ಇವರಿಗೆ ಮೇಲಿನ ಯಾವ ಬುದ್ಧಿವಾದವೂ ಸಲ್ಲದು. ಅದೇ ಪಟ್ಟಿಯಲ್ಲಿ ಕಠಿಣ ಶ್ರಮದ ಗಂಡಸಿಗೆ 3470, ಹೆಂಗಸಿಗೆ 2720 ಕ್ಯಾಲೊರಿ ಎಂದಿದೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಾನು ಉಣ್ಣುವ ದುಡಿಯುವ ತಾಯಿಗೆ ಈ ಅಂಕಿ ಸಿಗುವುದು ಅಪರೂಪ.

ಇನ್ನೊಂದು ಗುಂಪು ಹದಿಹರೆಯದ ಹೆಣ್ಣುಮಕ್ಕಳದು. ಓಟ, ಕಬಡ್ಡಿ, ಈಜು ಎಂದು ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡುವ ಹುಡುಗಿ ಖರ್ಚಾದಷ್ಟು ತಿನ್ನದಿದ್ದರೆ ಮೈ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಆಮೇಲೆ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಯ ಬಗ್ಗೆ ಎಚ್ಚರಿಕೆಯ ಹೇಳಿಕೆಯನ್ನೇ ಹೊರಡಿಸಿತು. ಗಂಡು ಕ್ರೀಡಾಪಟುಗಳಿಗೂ ಇದು ತಪ್ಪಿದ್ದಲ್ಲ. ಆಟವೇ ಆಡದೆ, ಹಾಸ್ಟೆಲಿನಲ್ಲಿ ಮೊಬೈಲ್ ನೋಡಿ ‘ಇವತ್ತು ಕರಗಿದ್ದು ಕಡಿಮೆ’ ಎಂದು ರಾತ್ರಿಯ ಊಟ ಬಿಡುವ ಹುಡುಗಿಯರೂ ಇದ್ದಾರೆ. ರಜೆಗೆ ಮನೆಗೆ ಬಂದ ಮಗಳು ಅನ್ನದ ತುತ್ತನ್ನೂ ಎಣಿಸತೊಡಗಿದರೆ, ಮೂರು ತಿಂಗಳು ಮುಟ್ಟಾಗದಿದ್ದರೆ, ಗದರಿಸಬೇಡಿ. ಆ್ಯಪನ್ನು ಅಳಿಸಿ ಹಾಕುವಂತೆ ಒಪ್ಪಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಕ್ಕರೆ ಕಾಯಿಲೆಯವರ ಪ್ರಶ್ನೆಯೇ ಬೇರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ನಡೆದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡೆಯುವ ಮೊದಲು ಏನು ತಿನ್ನಬೇಕು, ಔಷಧಿಯ ಪ್ರಮಾಣ ಬದಲಿಸಬೇಕೆ ಎಂಬುದನ್ನು ನಿಮ್ಮ ವೈದ್ಯರನ್ನೇ ಕೇಳಿ ತಿಳಿಯಿರಿ. ಬೆವರು, ಕೈನಡುಕ, ವಿಪರೀತ ಹಸಿವು, ಮಂಕು ಕಂಡರೆ ಅಲ್ಲೇ ಕುಳಿತು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೋಗಬೇಕು. ಸಕ್ಕರೆಯ ಪೊಟ್ಟಣ, ಸಣ್ಣ ನೀರಿನ ಬಾಟಲಿ, ಮನೆಯವರ ಫೋನ್ ನಂಬರ್ ಬರೆದ ಚೀಟಿ ಇವು ಮೂರೂ ಜೇಬಿನಲ್ಲಿ ಇಲ್ಲದೆ ಇಂಥವರು ಗೇಟು ದಾಟಬಾರದು.